ಬೋರ್ ಮಾಡಿಸಿದ ಟ್ರ್ಯಾಕ್ಟರ್: ಮೊದಲ ಸ್ಟಾರ್ಟ್‌ಗೆ ಆತುರ ಬೇಡ

ಎಂಜಿನ್ ಬೋರ್ ಆಗಿ ಬಂದ ದಿನ ತೆಂಗಿನಕಾಯಿ ಒಡೆದು, ಸೆಲ್ಫ್ ಹೊಡೆದು, ಜೋರಾಗಿ ರೇಸ್ ಮಾಡಿ ವಿಡಿಯೋ ಹಾಕೋದು ಈಗ ವಾಡಿಕೆ. ನನ್ನ ಪ್ರಕಾರ ಹಾಕಿದ ದುಡ್ಡು ಹಾಳಾಗೋದು ಅಲ್ಲೇ. ಆಯಿಲ್ ತಲುಪುವ ಮುಂಚೆ ರೇಸ್ ಕೊಟ್ಟರೆ ಹೊಸ ಬೇರಿಂಗ್ ಒಣದಾಗಿಯೇ ಉಜ್ಜುತ್ತದೆ.

ಗಾಡಿ ಬಯಲಲ್ಲಿರಲಿ, ನ್ಯೂಟ್ರಲ್‌ನಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಆಯಿಲ್, ಕೂಲಂಟ್ ನೋಡಿ. ಡೀಸೆಲ್ ಲೈನಿನ ಗಾಳಿ ತೆಗೆಸಿ. ಸ್ಟಾಪ್ ನಾಬ್ ಎಳೆದು ಹಿಡಿದು, 10 ಸೆಕೆಂಡಿನಂತೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಆಯಿಲ್ ಮುಳ್ಳು ಎದ್ದ ಮೇಲೇ ಸ್ಟಾರ್ಟ್ ಮಾಡಿ. ಮುಳ್ಳು ಬಿದ್ದರೆ ತಕ್ಷಣ ಆಫ್. ನಾಬ್ ಎಳೆದರೂ ನಿಲ್ಲದೆ ರೇಸ್ ಏರಿದರೆ, ಗಾಳಿ ಎಳೆಯುವ ಬಾಯಿಗೆ ಹಲಗೆ ಒತ್ತಿ, ಕೈ ಇಡಬೇಡಿ. ಹಲಗೆ ಮೊದಲೇ ಪಕ್ಕದಲ್ಲಿರಲಿ.

ಮೆಕ್ಯಾನಿಕ್ ‘ಏನೂ ಆಗಲ್ಲ, ಹೊಡಿ’ ಅಂದರೂ ಕೇಳಬೇಡಿ. ಸಾಲದ ಕಂತು ಕಟ್ಟೋರು ನೀವು.