ಎರಡನೆಯ ಕೋರ್ಸಿಗೆ ಮುನ್ನ

ಕಪ್ಪು ಶಿಲೀಂಧ್ರಕ್ಕೆ ಒಂದು ಅನುಕೂಲವಿತ್ತು: ಅದು ಮುಖದ ಮೇಲೆ ಕಾಣಿಸಿತು. ಕಣ್ಣು, ದವಡೆ ಕಳೆದುಕೊಂಡವರ ಸುದ್ದಿ ದಿನವೂ ಬಂತು. 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಅದನ್ನು ಅಧಿಸೂಚಿತ ಕಾಯಿಲೆ ಎಂದಿತು. ಅದರ ಮದ್ದಾದ ಆಂಫೊಟೆರಿಸಿನ್ ಸೀಸೆಗಳ ಹಂಚಿಕೆ ದೆಹಲಿಯಿಂದಲೇ ನಡೆಯಿತು. ಎದೆಯೊಳಗೆ ಬೆಳೆಯುವ ಶಿಲೀಂಧ್ರಕ್ಕೆ ಆ ಭಾಗ್ಯವಿಲ್ಲ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳಲ್ಲಿ ಅದು ಬರುವುದು ಹೆಚ್ಚಾಗಿ ಟಿಬಿಯ ವೇಷದಲ್ಲಿ. ವಾಸಿಯಾದ ಟಿಬಿ ಶ್ವಾಸಕೋಶದಲ್ಲಿ ಪೊಳ್ಳು ಬಿಟ್ಟುಹೋಗಿರುತ್ತದೆ. ತೊಗರಿ ರಾಶಿಯ ಧೂಳಿನಲ್ಲಿ, ನೆನೆದ ಕಣಕಿಯಲ್ಲಿ, ತಿಪ್ಪೆಯಲ್ಲಿ ಇರುವ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಅಲ್ಲಿ ನೆಲೆಯೂರುತ್ತದೆ. ಸಕ್ಕರೆ ಕಾಯಿಲೆಯೋ ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡೋ ದೇಹದ ಶಕ್ತಿ ಕುಗ್ಗಿಸಿದ್ದರೆ ಅದರ ಕೆಲಸ ಇನ್ನೂ ಸುಲಭ. ಮತ್ತದೇ ಕೆಮ್ಮು, ಕಫದಲ್ಲಿ ರಕ್ತ, ಇಳಿಯುವ ತೂಕ, ಎಕ್ಸ್-ರೇಯಲ್ಲಿ ಕಲೆ. ಕಫದಲ್ಲಿ ಟಿಬಿ ರೋಗಾಣು ಮಾತ್ರ ಸಿಗುವುದಿಲ್ಲ. ಇದಕ್ಕೆ ದೇಶದಲ್ಲೆಲ್ಲ ರೂಢಿಯಾಗಿರುವ ಉತ್ತರ ಒಂದೇ: ಇನ್ನೊಂದು ಟಿಬಿ ಕೋರ್ಸ್. ಆರು ತಿಂಗಳು. ಅದರಿಂದ ಶಿಲೀಂಧ್ರಕ್ಕೆ ಏನೂ ಆಗುವುದಿಲ್ಲ. ಆಗುವುದು ಮದ್ದಿಗೆ: ಕೋರ್ಸಿನಲ್ಲಿರುವ ರಿಫಾಂಪಿಸಿನ್, ಆಸ್ಪರ್ಜಿಲಸ್‌ಗೆ ಕೊಡಬೇಕಾದ ಇಟ್ರಾಕೊನಜೋಲ್ ರಕ್ತದಲ್ಲಿ ನಿಲ್ಲದಂತೆ ಮಾಡುತ್ತದೆ.

ಈ ಜಿಲ್ಲೆಗೆ ಶಿಲೀಂಧ್ರದ ಪರಿಚಯವಿಲ್ಲ ಎನ್ನುವಂತಿಲ್ಲ. ಬೂದಿರೋಗ ಯಾವುದು, ಡೌನಿ ಯಾವುದು ಎಂದು ದ್ರಾಕ್ಷಿ ಬೆಳೆಗಾರ ಎಲೆ ಮಗುಚಿ ನೋಡಿಯೇ ಹೇಳುತ್ತಾನೆ. ಮೋಡ ಕವಿದರೆ ಪಂಪು ತೋಟಕ್ಕೆ ಹೊರಡುತ್ತದೆ. ಬಳ್ಳಿಗೆ ಹೊಡೆಯುವ ಟೆಬುಕೊನಜೋಲ್, ಹೆಕ್ಸಕೊನಜೋಲ್‌ಗಳೂ ರೋಗಿಗೆ ಬರೆಯುವ ಇಟ್ರಾಕೊನಜೋಲ್, ವೊರಿಕೊನಜೋಲ್‌ಗಳೂ ಒಂದೇ ಮನೆತನದವು. ಬೆಳೆಗೆ ಹೊಡೆದ ಔಷಧಕ್ಕೆ ಒಗ್ಗಿದ ಆಸ್ಪರ್ಜಿಲಸ್ ರೋಗಿಯ ಮಾತ್ರೆಗೂ ಜಗ್ಗದು ಎಂದು ನೆದರ್ಲೆಂಡ್ಸ್ ವೈದ್ಯರು ಎಚ್ಚರಿಸಿ ದಶಕ ಮೀರಿತು. ಭಾರತದ ಮಣ್ಣಿನಲ್ಲೂ ಅಂಥ ತಳಿ ಸಿಕ್ಕಿದೆ. ತೋಟಗಾರಿಕೆ ಇಲಾಖೆ ಬಳ್ಳಿ ನೋಡುತ್ತದೆ, ಆರೋಗ್ಯ ಇಲಾಖೆ ಕಫ ನೋಡುತ್ತದೆ. ನಡುವಿನ ಗಾಳಿ ಯಾರ ಕಡತದಲ್ಲೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಹೊರಡಿಸಿತು. ಒಟ್ಟು 19, ಅತಿ ಗಂಭೀರ ಎಂದ ನಾಲ್ಕರಲ್ಲಿ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಒಂದು. ಅದನ್ನು ಪತ್ತೆ ಹಚ್ಚಲು ತಾಲ್ಲೂಕು ಆಸ್ಪತ್ರೆಗೆ ಸಿ.ಟಿ. ಸ್ಕ್ಯಾನ್ ಬೇಕೆಂದು ನಾವು ಕೇಳುತ್ತಿಲ್ಲ. ಕೇಳಿದರೆ ಶಂಕುಸ್ಥಾಪನೆಯಾದೀತು, ಅಷ್ಟೆ. ಟಿಬಿ ಪರೀಕ್ಷೆಗೆ ಕಫದ ಡಬ್ಬಿ ಸಾಗಿಸುವ ವ್ಯವಸ್ಥೆ ಈಗಾಗಲೇ ಇದೆ. ಕಫ ನೆಗೆಟಿವ್ ಬಂದ ಹಳೆಯ ಟಿಬಿ ರೋಗಿಯ ರಕ್ತದ ಒಂದು ನಳಿಕೆಯೂ ಆಸ್ಪರ್ಜಿಲಸ್ ಪ್ರತಿಕಾಯ ಪರೀಕ್ಷೆಗೆ ಅದೇ ಗಾಡಿಯಲ್ಲಿ ವಿಜಯಪುರಕ್ಕೆ ಹೋಗಲಿ. ಅದರ ವರದಿ ನೋಡಿದ ಮೇಲೆ ವೈದ್ಯರು ಎರಡನೆಯ ಕೋರ್ಸ್ ಬರೆಯಲಿ, ಅಥವಾ ಬಿಡಲಿ.