ವಂಗೀಯರೂ ವಾಣಿಜ್ಯವೂ

ವಂಗದೇಶವೆಂದೊಡನೆ ನಮ್ಮ ಮನೆಮಂದಿಗೆ ಮೊದಲು ನೆನಪಾಗುವುದು ಕಥೆ, ಕಾದಂಬರಿ, ಗೀತ, ಭಕ್ತಿ, ಇವೇ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದಂದಿನಿಂದ ಆ ನಾಡು ನಮಗೆ ನೆರೆಮನೆಯಂತೆ ಪರಿಚಿತವಾಗಿದೆ. ಆದರೆ ಆ ನೆರೆಮನೆಯವರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರೆಂದು ನಾವು ವಿಚಾರಿಸಿದುದು ಕಡಮೆ. ಬಂಗಾಳಿಯು ಕವಿತೆ ಕಟ್ಟಬಲ್ಲನು, ಪರೀಕ್ಷೆ ಗೆಲ್ಲಬಲ್ಲನು, ಕಚೇರಿಯಲ್ಲಿ ಲೇಖನಿ ಓಡಿಸಬಲ್ಲನು. ತಕ್ಕಡಿ ಹಿಡಿಯಲು ಮಾತ್ರ ಅವನಿಗೆ ಬಾರದು ಎಂಬ ಮಾತು ಬಹುಕಾಲದಿಂದ ನಡೆದುಬಂದಿದೆ. ಹೊರಗಿನವರಿಗಿಂತಲೂ ಹೆಚ್ಚಾಗಿ ಬಂಗಾಳಿಗಳೇ ಇದನ್ನು ಹೇಳಿಕೊಳ್ಳುವರು. ಈ ತಿಂಗಳು ಆ ಮಾತನ್ನೇ ಕೊಂಚ ತೂಗಿ ನೋಡೋಣವೆಂದಿದ್ದೇವೆ.

ಹಳೆಯ ಕಾಲಕ್ಕಂತೂ ಈ ಮಾತು ಸಲ್ಲದು. ವಂಗಭಾಷೆಯ ಮಂಗಳಕಾವ್ಯಗಳಲ್ಲಿ ಮನಸಾದೇವಿಯೊಡನೆ ಹಟತೊಟ್ಟು ನಿಂತ ಚಾಂದ ಸೌದಾಗರನು ರಾಜನಲ್ಲ, ಋಷಿಯಲ್ಲ, ಹಡಗಿನ ವರ್ತಕ. ವ್ಯಾಪಾರವನ್ನು ಕೀಳೆಂದೆಣಿಸುವ ಜನರು ವರ್ತಕನನ್ನು ಕಾವ್ಯದ ನಾಯಕನನ್ನಾಗಿ ಮಾಡುತ್ತಿರಲಿಲ್ಲ.

ಇಂಗ್ಲಿಷರ ಕಲ್ಕತ್ತೆಯಲ್ಲಿಯೂ ಮೊದಮೊದಲು ಇದೇ ಧೈರ್ಯ ಕಾಣುವುದು. ರಾಮದುಲಾಲ ದೇ ಎಂಬಾತನು ೧೭೫೨ರಲ್ಲಿ ಹುಟ್ಟಿದ ಬಡವರ ಮಗ. ತಂದೆತಾಯಿಗಳಿಲ್ಲದ ಆತನನ್ನು ಸಾಕಿದವಳು ಮದನಮೋಹನ ದತ್ತನೆಂಬ ಧನಿಕನ ಮನೆಯಲ್ಲಿ ಅಡಿಗೆ ಮಾಡುತ್ತಿದ್ದ ಅಜ್ಜಿ. ಹುಡುಗನು ಆ ಯಜಮಾನನ ಬಳಿಯೇ ತಿಂಗಳಿಗೆ ಕೆಲವೇ ರೂಪಾಯಿಗಳ ಗುಮಾಸ್ತೆಯಾದನು. ಒಮ್ಮೆ ಯಜಮಾನನ ಹಣ ಹಿಡಿದು ಹರಾಜಿಗೆ ಹೋದವನು ಮುಳುಗಿದ ಹಡಗೊಂದನ್ನು ೧೪,೦೦೦ ರೂಪಾಯಿಗೆ ಕೂಗಿ ಕೊಂಡನೆಂದೂ, ಅಲ್ಲಿಯೇ ಅದನ್ನು ಇಂಗ್ಲಿಷನೊಬ್ಬನಿಗೆ ಸುಮಾರು ಒಂದು ಲಕ್ಷಕ್ಕೆ ಮಾರಿದನೆಂದೂ ಹೇಳುವರು. ಬಂದ ಹಣವನ್ನೆಲ್ಲ ತಂದು ಯಜಮಾನನ ಮುಂದಿಟ್ಟನು. ಮದನಮೋಹನನು ತನ್ನ ಮೂಲಧನವನ್ನಷ್ಟೇ ತೆಗೆದುಕೊಂಡು, ಲಾಭ ನಿನ್ನದೆಂದು ಅವನಿಗೇ ಬಿಟ್ಟುಕೊಟ್ಟನಂತೆ. ಈ ಕಥೆಯಲ್ಲಿ ನಮಗೆ ಮೆಚ್ಚಿಗೆಯಾದುದು ಆಳಿನ ಪ್ರಾಮಾಣಿಕತೆಗಿಂತಲೂ ಒಡೆಯನ ನಡತೆ. ಇಂಥ ಒಡೆಯರು ಇತಿಹಾಸದಲ್ಲಿ ಅಷ್ಟಾಗಿ ದೊರೆಯರು. ರಾಮದುಲಾಲನು ಮುಂದೆ ಅಮೆರಿಕೆಯ ಹಡಗುಗಳಿಗೆ ಕಲ್ಕತ್ತೆಯಲ್ಲಿ ಸರಕು ಹೊಂದಿಸಿಕೊಡುವ ದೊಡ್ಡ ವರ್ತಕನಾದನು. ಅಲ್ಲಿಯ ವ್ಯಾಪಾರಿಗಳು ಅವನಿಗೆ ಜಾರ್ಜ್ ವಾಷಿಂಗ್ಟನ್ನನ ದೊಡ್ಡ ವರ್ಣಚಿತ್ರವೊಂದನ್ನು ೧೮೦೧ರಲ್ಲಿ ಕಾಣಿಕೆಯಾಗಿ ಕಳುಹಿಸಿದರು. ಒಂದು ಹಡಗಿಗೆ ಅವನ ಹೆಸರನ್ನೇ ಇಟ್ಟರು. ೧೮೨೫ರಲ್ಲಿ ಅವನು ತೀರಿಕೊಂಡನು. ಛಾತುಬಾಬು, ಲಾಟುಬಾಬು ಎಂದು ಹೆಸರಾದ ಅವನ ಮಕ್ಕಳಿಬ್ಬರೂ ಸಂಗೀತಕ್ಕೂ ಉತ್ಸವಕ್ಕೂ ವಿಲಾಸಕ್ಕೂ ಪ್ರಸಿದ್ಧರು. ಕಲ್ಕತ್ತೆಯಲ್ಲಿ ಛಾತುಬಾಬುವಿನ ಹೆಸರಿನ ಬಜಾರವಿದೆ. ರಾಮದುಲಾಲನ ಹಡಗಿನ ವ್ಯಾಪಾರವಿಲ್ಲ.

ನಿಜವಾದ ಪೆಟ್ಟು ಬಿದ್ದುದು ರವೀಂದ್ರನಾಥ ಠಾಕೂರರ ಅಜ್ಜನಾದ ದ್ವಾರಕಾನಾಥನ ಕಾಲದಲ್ಲಿ. ಆತನು ೧೮೨೯ರಲ್ಲಿ ಯೂನಿಯನ್ ಬ್ಯಾಂಕಿನ ಸ್ಥಾಪಕರಲ್ಲೊಬ್ಬನಾದನು. ೧೮೩೪ರಲ್ಲಿ ಆಂಗ್ಲನೊಬ್ಬನನ್ನು ಪಾಲುಗಾರನನ್ನಾಗಿ ಮಾಡಿಕೊಂಡು ಕಾರ್-ಠಾಕೂರ್ ಕಂಪೆನಿಯನ್ನು ತೆರೆದನು. ನೀಲಿ, ರೇಷ್ಮೆ, ಸಕ್ಕರೆ, ರಾಣಿಗಂಜಿನ ಕಲ್ಲಿದ್ದಲು, ಹೂಗ್ಲಿ ನದಿಯಲ್ಲಿ ಹಡಗೆಳೆಯುವ ಉಗಿದೋಣಿ, ಹೀಗೆ ಆತನು ಕೈಹಾಕದ ಉದ್ಯಮವಿರಲಿಲ್ಲ. ಅಫೀಮಿನ ವ್ಯಾಪಾರವೂ ಅದರಲ್ಲಿತ್ತೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಆತನು ೧೮೪೬ರಲ್ಲಿ ಲಂಡನ್ನಿನಲ್ಲಿ ಕಾಲವಾದನು. ಎರಡು ವರ್ಷ ತುಂಬುವುದರೊಳಗೆ, ೧೮೪೮ರ ಆರಂಭದಲ್ಲಿ, ಬ್ಯಾಂಕೂ ಕಂಪೆನಿಯೂ ಒಟ್ಟಿಗೆ ಕುಸಿದುವು. ಮಗನಾದ ದೇವೇಂದ್ರನಾಥನ ಮುಂದೆ ಸಾಲಗಾರರು ಸಾಲಾಗಿ ನಿಂತರು. ತಂದೆಯು ಕೆಲವು ಜಮೀನುಗಳನ್ನು ಮೊದಲೇ ನ್ಯಾಸಪತ್ರದಿಂದ ಕಾಪಾಡಿಟ್ಟಿದ್ದುದರಿಂದ ಅವನ್ನು ಮುಟ್ಟಲು ಯಾರಿಗೂ ಹಕ್ಕಿರಲಿಲ್ಲ. ದೇವೇಂದ್ರನಾಥನು ಅವನ್ನೂ ಸೇರಿಸಿ ಎಲ್ಲವನ್ನೂ ಒಪ್ಪಿಸುವೆನೆಂದನು. ಬಹುವರ್ಷ ಕಾಲ ಮನೆಯ ಖರ್ಚನ್ನು ಮೊಟಕುಗೊಳಿಸಿ ಸಾಲ ತೀರಿಸಿದನು. ಈ ವಂಶಕ್ಕೆ ಮಹರ್ಷಿಯೆಂಬ ಕೀರ್ತಿ ಬಂದುದು ಆ ತಲೆಮಾರಿನಲ್ಲಿಯೇ. ಕಲ್ಲಿದ್ದಲಾದರೋ ಇಂಗ್ಲಿಷರ ಆಡಳಿತದಲ್ಲಿ ಉರಿಯುತ್ತಲೇ ಇತ್ತು.

ಕಲ್ಕತ್ತೆಯ ಗೃಹಸ್ಥರು ಇದರಿಂದ ಕಲಿತ ಪಾಠವಾವುದು? ವ್ಯಾಪಾರದಲ್ಲಿಟ್ಟ ಹಣ ನೀರಿನ ಮೇಲಿನ ದೀಪ. ಜಮೀನಿನಲ್ಲಿಟ್ಟುದು ಮೊಮ್ಮಕ್ಕಳಿಗೂ ಇರುವುದು. ೧೭೯೩ರ ಶಾಶ್ವತ ಗುತ್ತಿಗೆಯ ಕಾಯಿದೆಯಿಂದ ಜಮೀನುದಾರನು ಸರ್ಕಾರಕ್ಕೆ ಕೊಡಬೇಕಾದುದು ಎಂದೆಂದಿಗೂ ಇಷ್ಟೇ ಎಂದು ಗೊತ್ತಾಗಿತ್ತು. ರೈತನಿಂದ ಎತ್ತುವುದಕ್ಕೆ ಅಂಥ ಮಿತಿಯಿರಲಿಲ್ಲ. ಹೀಗಿರುವಲ್ಲಿ ಬುದ್ಧಿಯುಳ್ಳ ಯಾವ ತಂದೆಯು ಮಗನನ್ನು ಹಡಗುಕಟ್ಟೆಗೆ ಕಳುಹಿಸುವನು? ಹಣವುಳ್ಳವನು ಜಮೀನು ಕೊಂಡನು, ಇಲ್ಲದವನು ಇಂಗ್ಲಿಷ್ ಕಲಿತು ನೌಕರಿಗೆ ಸೇರಿದನು. ಇದನ್ನು ರಕ್ತದ ಗುಣವೆಂದು ಹಳಿಯುವುದು ನಮಗೆ ಒಪ್ಪಿಗೆಯಿಲ್ಲ. ಲೆಕ್ಕ ಬಲ್ಲವರು ಹಾಕಿದ ಲೆಕ್ಕವೇ ಅದು.

ಈ ಲೆಕ್ಕವನ್ನು ತಪ್ಪೆಂದು ಬೀದಿಬೀದಿಯಲ್ಲಿ ಸಾರಿದವರು ಆಚಾರ್ಯ ಪ್ರಫುಲ್ಲಚಂದ್ರ ರಾಯರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದ ಈ ಬ್ರಹ್ಮಚಾರಿಯು ೧೮೯೨ರಲ್ಲಿ, ಸುಮಾರು ೭೦೦ ರೂಪಾಯಿಗಳ ಬಂಡವಾಳದಿಂದ, ಅಪ್ಪರ್ ಸರ್ಕ್ಯುಲರ್ ರಸ್ತೆಯ ತಮ್ಮ ಬಾಡಿಗೆ ಮನೆಯಲ್ಲಿಯೇ ಔಷಧಗಳನ್ನು ತಯಾರಿಸತೊಡಗಿದರು. ಮೂಳೆಯಿಂದ ರಂಜಕದ ಲವಣಗಳನ್ನು ಮಾಡಬೇಕೆಂದು ಕಸಾಯಿಗಳಿಂದ ಮೂಳೆ ತರಿಸಿ ಮಾಳಿಗೆಯ ಮೇಲೆ ಒಣಗಹಾಕಿದರು. ಅಕಾಲದಲ್ಲಿ ಮಳೆ ಹಿಡಿಯಿತು. ಮೂಳೆಗಂಟಿದ ಮಾಂಸ ಕೊಳೆತು ನಾರಿತು. ಕಾಗೆಗಳು ಬಂದು ಎಲುಬಿನ ಚೂರುಗಳನ್ನು ಕಚ್ಚಿ ಒಯ್ದು ಸುತ್ತಣ ಆಚಾರವಂತರ ಮನೆಗಳ ಮೇಲೆ ಹಾಕಿದುವು. ಮುಂದೆ ನಡೆದ ಜಗಳವನ್ನು ನಮ್ಮ ಸೋದರಿಯರು ತಾವೇ ಊಹಿಸಿಕೊಳ್ಳಬಲ್ಲರು. ನಗರಸಭೆಗೆ ದೂರು ಕೊಡುವೆವೆಂಬ ಬೆದರಿಕೆ ಬಂದಾಗ ರಾಯರು ಮೂಳೆಗಳನ್ನೆಲ್ಲ ಮಾಣಿಕತಲೆಯ ನಿರ್ಜನಸ್ಥಳವೊಂದಕ್ಕೆ ಸಾಗಿಸಿ ರಾತ್ರಿ ಬೆಂಕಿಯಿಕ್ಕಿದರು. ಉರಿಯನ್ನು ಕಂಡ ಪೋಲೀಸಿನವನು, ಯಾರನ್ನೋ ಕೊಂದು ಸುಡುತ್ತಿರುವರೆಂದು ಓಡಿಬಂದನು! ಕಾಲೇಜಿನ ಪ್ರಾಧ್ಯಾಪಕರೊಬ್ಬರು ಎಲುಬಿನ ರಾಶಿಯ ಮುಂದೆ ನಿಂತು ತಮ್ಮ ಶಾಸ್ತ್ರವನ್ನು ವಿವರಿಸಿದ ಆ ದೃಶ್ಯವು ನಮ್ಮ ಮಟ್ಟಿಗೆ ಯಾವ ನಾಟಕಕ್ಕೂ ಕಡಮೆಯಲ್ಲ.

೧೯೦೧ರಲ್ಲಿ ಇದೇ ಬೆಂಗಾಲ್ ಕೆಮಿಕಲ್ ಎಂಬ ನೋಂದಾಯಿತ ಕಂಪೆನಿಯಾಯಿತು. ಓಮದ ಅರ್ಕ, ಆಡುಸೋಗೆಯ ಪಾನಕ, ಇವೇ ಮುಂತಾದ ಅಜ್ಜಿಯ ಮದ್ದುಗಳನ್ನು ರಾಯರು ಹೊಸ ಶಾಸ್ತ್ರದ ಅಳತೆಗೆ ತಂದು ಸೀಸೆಗಳಲ್ಲಿ ತುಂಬಿಸಿದರು. ಹಲವು ವರ್ಷ ಈ ಕಾರ್ಖಾನೆಯ ಆಡಳಿತ ನಡೆಸಿದವರು ರಾಜಶೇಖರ ಬಸು. ಪರಶುರಾಮನೆಂಬ ಹೆಸರಿನಿಂದ ವಂಗೀಯರನ್ನು ನಗಿಸಿದ ಕಥೆಗಾರರು ಅವರೇ. ಕವಿತೆಗೂ ತಕ್ಕಡಿಗೂ ಎಣ್ಣೆಸೀಗೆಯ ಸಂಬಂಧವೆನ್ನುವವರು ಈ ಹೆಸರನ್ನು ಜ್ಞಾಪಕದಲ್ಲಿಡಬೇಕು.

ಎಣ್ಣೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುವೆವು. ಹೇಮೇಂದ್ರಮೋಹನ ಬಸು ಎಂಬವರು ಕುಂತಲೀನವೆಂಬ ತಲೆಯೆಣ್ಣೆಯನ್ನು ಮಾರುತ್ತಿದ್ದರು. ಅವರು ೧೮೯೬ರಲ್ಲಿ ಒಂದು ಕಥಾಸ್ಪರ್ಧೆಯನ್ನೇರ್ಪಡಿಸಿದರು. ಕಥೆಯಲ್ಲಿ ಎಲ್ಲಿಯಾದರೂ ಈ ಎಣ್ಣೆಯ ಹೆಸರು ಬರಬೇಕು, ಆದರೆ ಜಾಹೀರಾತೆಂದು ತೋರಬಾರದು, ಇದು ನಿಬಂಧನೆ. ಮೊದಲ ಸಲ ಬಹುಮಾನ ಪಡೆದವರು ವಿಜ್ಞಾನಿ ಜಗದೀಶಚಂದ್ರ ಬಸು. ಅವರ ಕಥೆಯಲ್ಲಿ ಒಂದು ಸೀಸೆ ತಲೆಯೆಣ್ಣೆಯಿಂದ ಸಮುದ್ರದ ಬಿರುಗಾಳಿಯೇ ಶಾಂತವಾಗುವುದು. ಶರಚ್ಚಂದ್ರರ ಮೊದಲ ಅಚ್ಚಾದ ಕಥೆಗೂ ಮುಂದೆ ಇದೇ ಬಹುಮಾನ ಬಂದಿತು.

ಆದರೆ ಎಲ್ಲರಿಗೂ ಇಂಥ ಕೌಶಲವಿರಲಿಲ್ಲ. ರವೀಂದ್ರರ ಅಣ್ಣ ಜ್ಯೋತಿರಿಂದ್ರನಾಥರು ೧೮೮೪ರಲ್ಲಿ ಖುಲ್ನಾ ಮತ್ತು ಬರಿಸಾಲದ ನಡುವೆ ಉಗಿಹಡಗು ಓಡಿಸಿದರು. ಆಂಗ್ಲ ಕಂಪೆನಿಯವರು ದರ ಇಳಿಸಿದರು, ಇವರೂ ಇಳಿಸಿದರು. ಕೊನೆಗೆ ಪ್ರಯಾಣಿಕರು ಪುಕ್ಕಟೆಯಾಗಿ ಪ್ರಯಾಣ ಮಾಡಿದುದಲ್ಲದೆ ತಿಂಡಿಯನ್ನೂ ಪುಕ್ಕಟೆಯಾಗಿ ತಿಂದರು. ದೇಶಾಭಿಮಾನದಿಂದ ಹಡಗು ತುಂಬಿತು. ಹಣದ ಪೆಟ್ಟಿಗೆ ತುಂಬಲಿಲ್ಲ. ೧೯೦೫ರ ವಂಗಭಂಗದ ತರುವಾಯ ಹುಟ್ಟಿದ ಸ್ವದೇಶೀ ಗಿರಣಿ, ಬ್ಯಾಂಕುಗಳಲ್ಲಿ ಹಲವಕ್ಕೆ ಇದೇ ರೋಗ ತಗಲಿತು. ಉಳಿದುಕೊಂಡವು ಬಹುಮಟ್ಟಿಗೆ ಸಣ್ಣ ಸಾಮಾನಿನವು. ಖಗೇಂದ್ರಚಂದ್ರ ದಾಸರ ಮಾರ್ಗೋ ಬೇವಿನ ಸಾಬೂನು, ಗೌರಮೋಹನ ದತ್ತರು ೧೯೨೯ರಲ್ಲಿ ತಂದ ಬೊರೋಲೀನ್ ಲೇಪ, ಇವು ನಮ್ಮ ನಾಡಿನ ಬಚ್ಚಲುಗೂಡಿಗೂ ಬಂದಿವೆ. ಬಂಗಾಳಿಯ ಸರಕೆಂದು ಅರಿತು ಕೊಂಡವರು ಎಷ್ಟು ಮಂದಿಯೋ! ಮಾರ್ಗೋ ಕೈಯಿಂದ ಕೈಗೆ ದಾಟಿ ಈಗ ಬೇರೆಯವರದಾಗಿದೆ. ಬೊರೋಲೀನ್ ಇನ್ನೂ ಆ ಮನೆತನದಲ್ಲಿಯೇ ಇದೆ. ರಸಗುಲ್ಲದ ನವೀನಚಂದ್ರ ದಾಸರ ಮನೆತನದ ಕೆ. ಸಿ. ದಾಸ್ ಅಂಗಡಿಯು ೧೯೭೨ರಲ್ಲಿ ಬೆಂಗಳೂರಿಗೇ ಬಂದು ನೆಲೆಸಿತು. ಅದರ ರುಚಿಯನ್ನು ವರ್ಣಿಸುವುದು ನಮ್ಮ ಕೆಲಸವಲ್ಲ.

೧೯೪೭ರ ವಿಭಜನೆಯಿಂದ ಸೆಣಬಿನ ಹೊಲಗಳು ಪೂರ್ವಕ್ಕೂ ಗಿರಣಿಗಳು ಪಶ್ಚಿಮಕ್ಕೂ ಉಳಿದುವು. ೧೯೫೬ರಲ್ಲಿ ಉಕ್ಕಿನ ಸಾಗಣೆ ವೆಚ್ಚವನ್ನು ದೇಶಾದ್ಯಂತ ಸಮಮಾಡಿದುದರಿಂದ ಗಣಿಗಳ ಪಕ್ಕದಲ್ಲಿದ್ದ ಲಾಭವೂ ಹೋಯಿತು. ಅನಂತರ ಮುಷ್ಕರಗಳ ಕಾಲ. ರಾಯರ ಬೆಂಗಾಲ್ ಕೆಮಿಕಲ್ಲೇ ರೋಗಗ್ರಸ್ತವಾಗಿ ೧೯೮೦ರಲ್ಲಿ ರಾಷ್ಟ್ರೀಕರಣಕ್ಕೊಳಗಾಯಿತು. ಹಲವು ದಶಕಗಳ ನಷ್ಟದ ಮೇಲೆ ೨೦೧೬-೧೭ರಲ್ಲಿ ಅದು ಮತ್ತೆ ಲಾಭ ಕಂಡಿತೆಂಬುದು ಸಂತೋಷದ ಸಂಗತಿ.

ಪೂರ್ವದ ಬಂಗಾಳಿಗಳ ಕಥೆ ಬೇರೆ. ಪಾಕಿಸ್ತಾನದ ಕಾಲದಲ್ಲಿ ಅಲ್ಲಿಯ ದೊಡ್ಡ ಕಾರ್ಖಾನೆಗಳು ಹೆಚ್ಚಾಗಿ ಹೊರಗಿನವರ ಕೈಯಲ್ಲಿದ್ದುವು. ೧೯೭೧ರಲ್ಲಿ ಬಾಂಗ್ಲಾದೇಶವಾದ ಮೇಲೆ ನೂರುಲ್ ಕಾದರ್ ಎಂಬವರು ಸರ್ಕಾರದ ಉನ್ನತ ಅಧಿಕಾರವನ್ನು ಬಿಟ್ಟು ಉಡುಪಿನ ಕಾರ್ಖಾನೆ ಹೂಡಿದರು. ಬಂಗಾಳಿಯೊಬ್ಬನು ಕುರ್ಚಿಯನ್ನು ಬಿಟ್ಟು ಹೊಲಿಗೆಯಂತ್ರದ ಕಡೆಗೆ ನಡೆದುದನ್ನು ರಾಯರು ಕಂಡಿದ್ದರೆ ಕುಣಿದಾಡುತ್ತಿದ್ದರು. ಕಾದರರು ೧೯೭೯ರಲ್ಲಿ ೧೩೦ ಮಂದಿಯನ್ನು ಕಲಿಯುವುದಕ್ಕಾಗಿ ಕೊರಿಯಾ ದೇಶಕ್ಕೆ ಕಳುಹಿಸಿದರು; ಅವರಲ್ಲಿ ಸ್ತ್ರೀಯರೂ ಇದ್ದರು. ಹಿಂದಿರುಗಿದವರಲ್ಲಿ ೧೧೫ ಮಂದಿ ಕೆಲವೇ ವರ್ಷಗಳಲ್ಲಿ ಅವರನ್ನು ತೊರೆದು ತಾವೇ ಕಾರ್ಖಾನೆ ಕಟ್ಟಿದರು, ಇಲ್ಲವೆ ಕಟ್ಟುವವರನ್ನು ಸೇರಿದರು. ಅವರಿಗೆ ನಷ್ಟ, ದೇಶಕ್ಕೆ ಲಾಭ. ಇಂದು ಉಡುಪಿನ ರಫ್ತಿನಲ್ಲಿ ಆ ದೇಶವು ಜಗತ್ತಿನ ಮುಂಚೂಣಿಯಲ್ಲಿದೆ. ಆದರೆ ೨೦೧೩ರ ಏಪ್ರಿಲ್ ೨೪ರಂದು ರಾಣಾ ಪ್ಲಾಜಾ ಕಟ್ಟಡ ಕುಸಿದು ೧,೧೦೦ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಗಳು ಬಿರುಕು ಬಿಟ್ಟಿದ್ದುವು. ಆದರೂ ಕೆಲಸಕ್ಕೆ ಕರೆದರು. ಇದನ್ನು ಉದ್ಯಮಶೀಲತೆಯೆಂದು ಕರೆಯಲು ನಮಗೆ ನಾಲಗೆ ಬಾರದು.

ಇನ್ನು ಮನೆಯೊಳಗಿನ ವ್ಯಾಪಾರ. ೧೯೭೬ರಲ್ಲಿ ಚಿಟ್ಟಗಾಂಗಿನ ಬಳಿಯ ಜೋಬ್ರಾ ಗ್ರಾಮದಲ್ಲಿ ಮುಹಮ್ಮದ್ ಯೂನುಸರು ಬಿದಿರಿನ ಮಣೆ ಹೆಣೆಯುವ ಹೆಂಗಸೊಬ್ಬಳನ್ನು ಕಂಡರು. ಐದು ಟಾಕಾ ಬೆಲೆಯ ಬಿದಿರನ್ನು ಸಾಲ ತಂದು, ಹೆಣೆದುದನ್ನು ಸಾಲಕೊಟ್ಟವನಿಗೇ ಮಾರಬೇಕಾಗಿತ್ತು. ಉಳಿಯುತ್ತಿದ್ದುದು ಐವತ್ತು ಪೈಸೆ. ಅಂಥ ೪೨ ಮಂದಿಯ ಸಾಲವನ್ನೆಲ್ಲ ಕೂಡಿಸಿದರೂ ೮೫೬ ಟಾಕಾ ಆಯಿತು! ಅದನ್ನು ಯೂನುಸರು ತಮ್ಮ ಕೈಯಿಂದ ಕೊಟ್ಟರು. ಗ್ರಾಮೀಣ ಬ್ಯಾಂಕು ೧೯೮೩ರಲ್ಲಿ ಸ್ಥಾಪಿತವಾಯಿತು. ೨೦೦೬ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಬಂದಿತು. ಅಗರ್ತಲೆಯ ಮಿಠಾಯಿಗಾರನೊಬ್ಬನ ಮಗನಾಗಿ ಢಾಕೆಯಲ್ಲಿ ಓದಿದ ಚಂದ್ರಶೇಖರ ಘೋಷರು ೨೦೦೧ರಲ್ಲಿ ಪಶ್ಚಿಮ ಬಂಗಾಳದಲ್ಲಿ ಬಂಧನ್ ಎಂಬ ಸಂಸ್ಥೆಯನ್ನು ತೆರೆದು ಹೆಂಗಸರಿಗೆ ಸಣ್ಣ ಸಾಲ ಕೊಡತೊಡಗಿದರು. ಅದು ೨೦೧೫ರ ಆಗಸ್ಟ್ ೨೩ರಂದು ಬ್ಯಾಂಕೇ ಆಯಿತು.

ಈ ಸಾಲಗಳನ್ನು ಹೊಗಳುವವರೂ ತೆಗಳುವವರೂ ಬೇಕಾದಷ್ಟು ಮಂದಿ ಇರುವರು. ಒಂದು ಕಂತನ್ನು ಕಟ್ಟಲು ಇನ್ನೊಂದೆಡೆ ಸಾಲ ಮಾಡಿದ ಮನೆಗಳು ಎರಡು ಬಂಗಾಳಗಳಲ್ಲಿಯೂ ಉಂಟು. ಮಳೆ ಹಿಡಿದು ಮಂಡಕ್ಕಿ ಮಾರಾಟವಾಗದ ವಾರದಲ್ಲಿಯೂ ಕಂತಿನ ದಿನ ಬಂದೇ ಬರುವುದು. ಆದರೂ ಒಂದು ವ್ಯತ್ಯಾಸವನ್ನು ನಾವು ಕಾಣುತ್ತೇವೆ. ರಾಮದುಲಾಲನ ಹಣವೂ ದ್ವಾರಕಾನಾಥನ ಹಣವೂ ಯಾವುದಕ್ಕೆ ಸಲ್ಲಬೇಕೆಂದು ಗೊತ್ತುಮಾಡಿದವರು ಬೈಠಕ್‌ಖಾನೆಯಲ್ಲಿ ಕುಳಿತ ಗಂಡಸರು. ಇಲ್ಲಿ ಪುಸ್ತಕದಲ್ಲಿ ಹೆಸರಿರುವುದು ಮನೆಯೊಡತಿಯದು; ಕೋಳಿ ಕೊಳ್ಳಬೇಕೆ, ಹೊಲಿಗೆಯಂತ್ರವೆ, ಹಸುವೆ ಎಂಬ ಮಾತು ಅಡಿಗೆಯ ಒಲೆಯ ಮುಂದೆ ನಡೆಯುವುದು; ಗಂಡನು ಹಣವನ್ನು ತಾನೇ ತೆಗೆದುಕೊಂಡು ಹೋದರೂ ವಾರದ ಕೂಟದಲ್ಲಿ ಉತ್ತರ ಹೇಳಬೇಕಾದವಳು ಅವಳೇ.