ಗಡಿಯಾರವನ್ನು ಗೆದ್ದವರೆಲ್ಲ ಚೆಂಡನ್ನು ಹಿಡಿಯಲಾರರು



ಅಮೆರಿಕನ್ ಫುಟ್‌ಬಾಲ್ ಋತು ಆರಂಭವಾಯಿತೆಂದರೆ ನಮ್ಮ ಬಳಗದಲ್ಲಿ ಒಂದು ವಾದ ತಪ್ಪದೆ ತಲೆಯೆತ್ತುತ್ತದೆ. ನೂರು ಮೀಟರ್ ಓಟದಲ್ಲಿ ಜಗತ್ತನ್ನೇ ಗೆದ್ದವನನ್ನು ಕರೆತಂದು ರಿಸೀವರ್ ಸ್ಥಾನದಲ್ಲಿ ನಿಲ್ಲಿಸಿದರೆ ಅವನನ್ನು ಬೆನ್ನಟ್ಟಿ ಹಿಡಿಯಬಲ್ಲವರು ಯಾರು? ಚೆಂಡು ಹಿಡಿಯುವುದನ್ನು ಆರು ತಿಂಗಳಲ್ಲಿ ಕಲಿಸಬಹುದು, ವೇಗವನ್ನು ಯಾರೂ ಕಲಿಸಲಾರರು ಎಂಬುದು ಈ ವಾದದ ಸಾರ. ಕೇಳಲು ತರ್ಕಬದ್ಧವಾಗಿಯೇ ಇದೆ. ಆದರೆ ಅರವತ್ತು ವರ್ಷಗಳ ಅನುಭವ ಇದನ್ನು ಮತ್ತೆ ಮತ್ತೆ ಅಲ್ಲಗಳೆದಿದೆ. ಈ ವಾದವು ಟಿವಿ ಮುಂದಿನ ಹರಟೆಯಾಗಿಯೇ ಉಳಿದಿದ್ದರೆ ನಾವು ಲೇಖನಿ ಹಿಡಿಯುತ್ತಿರಲಿಲ್ಲ. ಅದೀಗ ನಮ್ಮ ಮಕ್ಕಳ ವಾರಾಂತ್ಯಗಳನ್ನೂ ಅವರ ಸ್ನಾಯುಗಳನ್ನೂ ಆಳತೊಡಗಿರುವುದರಿಂದ ಬರೆಯಬೇಕಾಗಿದೆ.

ಊರಿನಿಂದ ಬಂದಿರುವ ಹಿರಿಯರಿಗಾಗಿ ಒಂದು ಮಾತು. ರಿಸೀವರ್ ಎಂದರೆ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಮುಂದೆ ಓಡಿ ಹಿಡಿಯುವ ಆಟಗಾರ. ಅವನ ಪಕ್ಕದಲ್ಲಿ ಅವನನ್ನು ತಡೆಯಲೆಂದೇ ಒಬ್ಬ ಎದುರಾಳಿ ಇರುತ್ತಾನೆ. ಇಷ್ಟು ತಿಳಿದರೆ ಸಾಕು.

ಮೊದಲು ಎದುರು ಪಕ್ಷದ ಅತಿ ಬಲವಾದ ಸಾಕ್ಷಿಯನ್ನೇ ಕರೆಯೋಣ. ಬಾಬ್ ಹೇಯ್ಸ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಚಿನ್ನವನ್ನೂ ರಿಲೇ ಚಿನ್ನವನ್ನೂ ಗೆದ್ದರು. ಮರುವರ್ಷವೇ ಡಲ್ಲಾಸ್ ಕೌಬಾಯ್ಸ್ ತಂಡ ಸೇರಿ ಮೊದಲ ಋತುವಿನಲ್ಲಿ 1,003 ಗಜಗಳನ್ನೂ 12 ಟಚ್‌ಡೌನ್‌ಗಳನ್ನೂ ಗಳಿಸಿದರು. ಒಬ್ಬ ರಕ್ಷಕನಿಂದ ಅವರನ್ನು ತಡೆಯಲಾಗದೆ ಎದುರಾಳಿಗಳು ಮೈದಾನವನ್ನು ವಲಯಗಳಾಗಿ ಹಂಚಿಕೊಂಡು ಕಾಯುವ ತಂತ್ರಕ್ಕೆ ಹೆಚ್ಚೆಚ್ಚು ಮೊರೆಹೋಗಬೇಕಾಯಿತು. ಒಲಿಂಪಿಕ್ ಚಿನ್ನ ಮತ್ತು ಸೂಪರ್ ಬೌಲ್ ಉಂಗುರ ಎರಡನ್ನೂ ಗೆದ್ದ ಅವರ ಹೆಸರು 2009ರಲ್ಲಿ, ಅವರ ಮರಣಾನಂತರ, ಹಾಲ್ ಆಫ್ ಫೇಮ್ ಸೇರಿತು. ಈ ಸಾಧನೆಯನ್ನು ಕಿರಿದು ಮಾಡುವ ಉದ್ದೇಶ ನಮಗಿಲ್ಲ.

ಆದರೆ ಒಬ್ಬ ರೋಗಿ ಗುಣವಾದುದನ್ನು ತೋರಿಸಿ ಔಷಧಿಯನ್ನು ಮಾರುವವನನ್ನು ವೈದ್ಯರಾದ ನಾವು ಒಂದು ಪ್ರಶ್ನೆ ಕೇಳುತ್ತೇವೆ: ಅದೇ ಔಷಧಿಯನ್ನು ಸೇವಿಸಿದ ಉಳಿದವರೆಲ್ಲ ಏನಾದರು? ಆ ಪಟ್ಟಿಯನ್ನು ನೋಡೋಣ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಜಿಮ್ ಹೈನ್ಸ್ 9.95 ಸೆಕೆಂಡಿನಲ್ಲಿ 100 ಮೀಟರ್ ಓಡಿದರು. ಆ ದಾಖಲೆ 1983ರವರೆಗೆ ಅಳಿಯಲಿಲ್ಲ. ಮಯಾಮಿ ಡಾಲ್ಫಿನ್ಸ್ ಅವರನ್ನು ತಂಡಕ್ಕೆ ಸೇರಿಸಿಕೊಂಡಿತು; ಅವರು ಅಲ್ಲಿ ಹಿಡಿದ ಚೆಂಡುಗಳು ಎರಡು. ಕೈಜಾರಿದ ಚೆಂಡುಗಳಿಂದಾಗಿ ‘ಊಪ್ಸ್’ ಎಂಬ ಅಡ್ಡಹೆಸರು ಉಳಿಯಿತು. ಅದೇ ಒಲಿಂಪಿಕ್ಸ್‌ನಲ್ಲಿ 200 ಮೀಟರನ್ನು 19.83 ಸೆಕೆಂಡಿನಲ್ಲಿ ಮುಗಿಸಿದ ಟಾಮಿ ಸ್ಮಿತ್ ಸಿನ್ಸಿನಾಟಿ ಬೆಂಗಾಲ್ಸ್ ಪರವಾಗಿ ಹಿಡಿದ ಚೆಂಡು ಒಂದೇ ಒಂದು. 110 ಮೀಟರ್ ಹರ್ಡಲ್ಸ್‌ನಲ್ಲಿ 13 ಸೆಕೆಂಡಿನ ಗಡಿಯನ್ನು ಮೊದಲು ದಾಟಿದ ರೆನಾಲ್ಡೊ ನೆಹೆಮಾಯಾ ಸ್ಯಾನ್ ಫ್ರಾನ್ಸಿಸ್ಕೊ ತಂಡದಲ್ಲಿ ಮೂರು ಋತುಗಳನ್ನು ಕಳೆದು 43 ಚೆಂಡುಗಳನ್ನು ಹಿಡಿದು ಮತ್ತೆ ಟ್ರ್ಯಾಕಿಗೇ ಮರಳಿದರು. ನಮ್ಮ ನೆನಪಿನಲ್ಲಿ ಹೇಯ್ಸ್ ಉಳಿದರು, ಇವರ ಫುಟ್‌ಬಾಲ್ ಅಧ್ಯಾಯ ಅಳಿಸಿಹೋಯಿತು. ವಾದ ನಿಂತಿರುವುದು ಈ ಮರೆವಿನ ಮೇಲೆ.

ಹಾಗಾದರೆ ಗೆದ್ದವರ ಗುಟ್ಟೇನು? ಹೇಯ್ಸ್ ಫ್ಲೋರಿಡಾ ಎ ಅಂಡ್ ಎಂ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ. 1983ರಲ್ಲಿ ವಿಶ್ವದಾಖಲೆ ಬರೆದ ರಿಲೇ ತಂಡದಲ್ಲಿದ್ದು ಅನಂತರ ಶಿಕಾಗೊ ಬೇರ್ಸ್ ಜೊತೆ ಸೂಪರ್ ಬೌಲ್ ಗೆದ್ದ ವಿಲಿ ಗಾಲ್ಟ್ ಟೆನೆಸ್ಸಿ ವಿಶ್ವವಿದ್ಯಾಲಯದಲ್ಲಿ ಎರಡೂ ಆಟಗಳನ್ನು ಆಡಿದವರು. 1992ರ ಬಾರ್ಸಿಲೋನಾ ರಿಲೇಯಲ್ಲಿ ಚಿನ್ನ ಪಡೆದ ಜೇಮ್ಸ್ ಜೆಟ್ ಕೂಡ ವೆಸ್ಟ್ ವರ್ಜೀನಿಯಾದಲ್ಲಿ ಫುಟ್‌ಬಾಲ್ ಆಡಿಯೇ ರೇಡರ್ಸ್ ತಂಡಕ್ಕೆ ಬಂದವರು. ಇವರು ವೇಗವಾಗಿ ಓಡಬಲ್ಲ ಫುಟ್‌ಬಾಲ್ ಆಟಗಾರರು; ಫುಟ್‌ಬಾಲಿಗೆ ಕರೆತಂದ ಓಟಗಾರರಲ್ಲ. ಈ ಎರಡರ ನಡುವಣ ಅಂತರವೇ ನಮ್ಮ ಇಡೀ ವಾದ. ಎರಡನ್ನೂ ಆಡಿದವರೆಲ್ಲ ಗೆದ್ದರೆಂದೂ ಅಲ್ಲ. 1976ರ ರಿಲೇ ಚಿನ್ನದ ಒಡೆಯ ಲ್ಯಾಮ್ ಜೋನ್ಸ್ ಟೆಕ್ಸಸ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ. 1980ರ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಆಯ್ಕೆಯಾದರು. ಆದರೂ ನ್ಯೂಯಾರ್ಕ್ ಜೆಟ್ಸ್ ಇಟ್ಟ ನಿರೀಕ್ಷೆ ಕೈಗೂಡಲಿಲ್ಲ. ಆಟದ ಅಭ್ಯಾಸವಿದ್ದವನಿಗೇ ವೇಗ ಭರವಸೆಯಾಗದಿರುವಾಗ ಅಭ್ಯಾಸವೇ ಇಲ್ಲದವನಿಗೆ ಹೇಗಾದೀತು?

ಇನ್ನು ದೇಹದ ಲೆಕ್ಕಕ್ಕೆ ಬರೋಣ. ಇದು ನಮ್ಮ ವೃತ್ತಿಯ ಅಂಗಳ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡಿನ ಓಟ ಓಡಿದಾಗ ಮೊದಲ 20 ಮೀಟರಿಗೆ 2.89 ಸೆಕೆಂಡು ಹಿಡಿಯಿತು. ಅವರ ಪರಮವೇಗ, ಅಂದರೆ ಗಂಟೆಗೆ ಸುಮಾರು 44 ಕಿಲೋಮೀಟರ್, ಕಂಡುಬಂದದ್ದು 60ರಿಂದ 80 ಮೀಟರಿನ ನಡುವೆ. ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಸಾಮಾನ್ಯವಾಗಿ ಎರಡೂವರೆ, ಮೂರು ಸೆಕೆಂಡಿನೊಳಗೆ ಚೆಂಡನ್ನು ಎಸೆದುಬಿಡುತ್ತಾನೆ. ಅಂದರೆ ಓಟಗಾರನ ಅಸಾಧಾರಣತೆ ಪ್ರಕಟವಾಗುವ ಮುನ್ನವೇ ಬಹುಪಾಲು ಆಟದ ತೀರ್ಮಾನ ಆಗಿಹೋಗಿರುತ್ತದೆ. ಅಷ್ಟರೊಳಗೆ ರಿಸೀವರ್ ಎದುರಾಳಿಯ ಕೈತಳ್ಳಾಟವನ್ನು ದಾಟಿರಬೇಕು. ಮೊದಲ ಐದು ಗಜಗಳೊಳಗೆ ಅವನನ್ನು ಹೀಗೆ ತಡೆಯಲು ನಿಯಮವೇ ಅವಕಾಶ ಕೊಡುತ್ತದೆ. ಟ್ರ್ಯಾಕಿನಲ್ಲಿ ಪ್ರತಿ ಓಟಗಾರನಿಗೂ ಬಿಳಿಗೆರೆಯ ಓಣಿಯೊಂದು ಮೀಸಲು. ಅಲ್ಲಿ ಅವನನ್ನು ಯಾರೂ ಮುಟ್ಟುವಂತಿಲ್ಲ.

ಓಡುವುದಕ್ಕಿಂತ ಕಷ್ಟವಾದದ್ದು ನಿಲ್ಲುವುದು. ಓಟಗಾರ ಗೆರೆ ದಾಟಿದ ಮೇಲೆ ಹತ್ತಾರು ಮೀಟರ್ ದೂರ ನಿಧಾನಿಸುತ್ತಾ ಸಾಗಬಹುದು. ರಿಸೀವರ್ ಎರಡು ಮೂರು ಹೆಜ್ಜೆಗಳಲ್ಲಿ ವೇಗವನ್ನು ಮುರಿದು, ಸೊಂಟವನ್ನು ತಗ್ಗಿಸಿ, ಪಕ್ಕಕ್ಕೆ ಹೊರಳಬೇಕು. ಆಗ ತೊಡೆಯ ಸ್ನಾಯುಗಳು ಉದ್ದವಾಗುತ್ತಲೇ ಭಾರವನ್ನು ತಡೆಹಿಡಿಯಬೇಕು. ಅದು ಮುಂದಕ್ಕೆ ಚಿಮ್ಮುವುದಕ್ಕಿಂತ ಭಿನ್ನವಾದ ಶಕ್ತಿ, ಬೇರೆಯೇ ಅಭ್ಯಾಸದಿಂದ ಬರುವಂಥದು. ಯಾರ ಸ್ಪರ್ಶವೂ ಇಲ್ಲದೆ ಮಂಡಿಯ ಅಸ್ಥಿರಜ್ಜು ಹರಿಯುವುದು ಹೆಚ್ಚಾಗಿ ಇಂಥ ನಿಲುಗಡೆ ಮತ್ತು ತಿರುವಿನ ಕ್ಷಣದಲ್ಲಿಯೇ. ಮೇಲಾಗಿ ಓಟಗಾರನ ತಲೆ ನೇರವಾಗಿ ಸ್ಥಿರವಾಗಿರುತ್ತದೆ; ರಿಸೀವರ್ ಓಡುತ್ತಲೇ ಹೆಗಲ ಮೇಲಿಂದ ಹಿಂದಿರುಗಿ ನೋಡಿ, ಗಾಳಿಯಲ್ಲಿ ತಿರುಗುತ್ತ ಬರುವ ಚೆಂಡು ಎಲ್ಲಿ ಇಳಿಯುವುದೆಂದು ಅಂದಾಜಿಸಬೇಕು. ಕಣ್ಣು, ಒಳಕಿವಿ, ಕೈ ಮತ್ತು ಕಾಲುಗಳ ಈ ಹೊಂದಾಣಿಕೆ ಬಾಲ್ಯದಿಂದ ಸಾವಿರಾರು ಬಾರಿ ಮಾಡಿ ಬರುವಂಥದು. ಆರು ತಿಂಗಳ ಪಾಠವಲ್ಲ.

ನಮ್ಮ ಊರಿನ ಖೊ ಖೊ ಆಡಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಶಾಲೆಯ ನೂರು ಮೀಟರ್ ಓಟದಲ್ಲಿ ಮೊದಲು ಬಂದ ಹುಡುಗನನ್ನು ಕಂಬದ ಬಳಿ ಒಂದೇ ಹೊರಳಿನಲ್ಲಿ ತಪ್ಪಿಸಿಕೊಂಡು ಹೋಗುತ್ತಿದ್ದ ಸಣಕಲ ದೇಹದವರನ್ನು ನಾವೆಲ್ಲರೂ ಕಂಡಿದ್ದೇವೆ.

ಗಡಿಯಾರದ ಸೋಲಿಗೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ಬೇಕೆಂದರೆ 2017ರ ಡ್ರಾಫ್ಟ್ ಇದೆ. ಆ ವರ್ಷ ಜಾನ್ ರಾಸ್ 40 ಗಜಗಳನ್ನು 4.22 ಸೆಕೆಂಡಿನಲ್ಲಿ ಓಡಿ ಆವರೆಗಿನ ದಾಖಲೆಯನ್ನು ಮುರಿದು, ಒಂಬತ್ತನೆಯವರಾಗಿ ಆಯ್ಕೆಯಾದರು. ಕೂಪರ್ ಕಪ್ ಅದೇ ದೂರವನ್ನು 4.62 ಸೆಕೆಂಡಿನಲ್ಲಿ ಓಡಿ 69ನೆಯವರಾಗಿ ಆಯ್ಕೆಯಾದರು. ಆ ವೇಗದಲ್ಲಿ ಇದು ಮೂರು ಮೀಟರಿಗೂ ಮಿಗಿಲಾದ ಅಂತರ. ರಾಸ್ ಮೊದಲ ಋತುವಿನಲ್ಲಿ ಒಂದು ಚೆಂಡನ್ನೂ ಹಿಡಿಯಲಿಲ್ಲ. ಗಾಯಗಳೂ ಅವರನ್ನು ಕಾಡಿದವು ಎಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು. ಕಪ್ 2021ರಲ್ಲಿ 145 ಚೆಂಡುಗಳನ್ನು ಹಿಡಿದು 1,947 ಗಜಗಳನ್ನು ಗಳಿಸಿ, ಸೂಪರ್ ಬೌಲಿನ ಶ್ರೇಷ್ಠ ಆಟಗಾರರಾದರು. ಸಾರ್ವಕಾಲಿಕ ದಾಖಲೆಯ 22,895 ಗಜಗಳ ಒಡೆಯ ಜೆರಿ ರೈಸ್ ಅವರನ್ನೂ 1985ರಲ್ಲಿ ಸಾಧಾರಣ ವೇಗದವರೆಂದೇ ಎಣಿಸಿ ಅವರಿಗಿಂತ ಮೊದಲು ಇಬ್ಬರು ರಿಸೀವರ್‌ಗಳನ್ನು ಆರಿಸಿಕೊಂಡಿದ್ದರು.

ಹಾಗೆಂದು ವೇಗ ನಿಷ್ಪ್ರಯೋಜಕವೆಂದು ನಾವು ಹೇಳುತ್ತಿಲ್ಲ. ಟೈರೀಕ್ ಹಿಲ್ ಹೈಸ್ಕೂಲಿನಲ್ಲೇ 200 ಮೀಟರನ್ನು 20.14 ಸೆಕೆಂಡಿನಲ್ಲಿ ಓಡಿದ್ದರು. 2023ರಲ್ಲಿ 1,799 ಗಜಗಳನ್ನು ಗಳಿಸಿದರು. ಆಟ ಬಲ್ಲವನಿಗೆ ವೇಗ ವರದಾನ. ಆದರೆ ಎರಡು ವೇಗಗಳೂ ಒಂದೇ ಅಲ್ಲವೆಂಬುದಕ್ಕೆ ಡಿ.ಕೆ. ಮೆಟ್‌ಕಾಫ್ ಸಾಕ್ಷಿ. ಮೈದಾನದಲ್ಲಿ ಎದುರಾಳಿಯನ್ನು ಗಂಟೆಗೆ 22 ಮೈಲಿಗೂ ಮೀರಿದ ವೇಗದಲ್ಲಿ ಬೆನ್ನಟ್ಟಿ ಹಿಡಿದ ಅದೇ ಆಟಗಾರ 2021ರ ಮೇ ತಿಂಗಳಲ್ಲಿ ವೃತ್ತಿಪರ ಓಟಗಾರರೊಡನೆ 100 ಮೀಟರ್ ಓಡಿ 10.37 ಸೆಕೆಂಡು ತೆಗೆದುಕೊಂಡರು, ಹದಿನೇಳು ಮಂದಿಯಲ್ಲಿ ಹದಿನೈದನೆಯವರಾದರು. ಅದು ಅವಮಾನವಲ್ಲ. ಅವರು ಬೇರೆಯ ಕಸುಬಿನವರು, ಅಷ್ಟೆ.

ಈಗ ನಮ್ಮ ಮನೆಗಳ ಮಾತು. ಮಗು ಚೆಂಡನ್ನು ಕೈಬಿಟ್ಟಿತೆಂದು ವೇಗದ ತರಬೇತಿ ಶಿಬಿರಕ್ಕೆ ಹಣ ಕಟ್ಟುವ ತಂದೆತಾಯಿಗಳಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಹನ್ನೊಂದು ವರ್ಷದ ಮಗುವಿನ 40 ಗಜಗಳ ಓಟವನ್ನು ವಾರವಾರವೂ ಅಳೆದು ಬರೆದಿಡುವುದು, ಪಕ್ಕದ ಮನೆಯ ಮಗುವಿನ ಅಂಕಿಯೊಡನೆ ಹೋಲಿಸುವುದು, ಇದು ನಾವು ಊರಿನಿಂದ ಹೊತ್ತುತಂದ ರ್‍ಯಾಂಕ್ ವ್ಯಾಮೋಹದ ಹೊಸ ವೇಷವೇ ಹೊರತು ಕ್ರೀಡಾಪ್ರೇಮವಲ್ಲ. ಹನ್ನೆರಡರಲ್ಲಿ ಮುಂದಿರುವ ಮಗು ಎಷ್ಟೋ ವೇಳೆ ಬೇಗನೆ ಪ್ರಾಯಕ್ಕೆ ಬಂದ ಮಗು ಮಾತ್ರ. ಹದಿನಾರರ ಹೊತ್ತಿಗೆ ಉಳಿದವರು ಸಮಕ್ಕೆ ಬರುತ್ತಾರೆ. ಆ ನಡುವೆ ‘ನಿನಗೆ ಓಟ ಸಾಲದು’ ಎನ್ನಿಸಿಕೊಂಡು ಆಟ ಬಿಟ್ಟ ಮಗುವಿಗೆ ಆ ನಾಲ್ಕು ವರ್ಷಗಳನ್ನು ಮರಳಿ ಕೊಡುವವರಾರು?

ದೇಹಕ್ಕೂ ಬೆಲೆ ತೆರಬೇಕಾಗುತ್ತದೆ. ಬೆಳೆಯುವ ವಯಸ್ಸಿನಲ್ಲಿ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಅಂಟಿಕೊಂಡಿರುವ, ನಾವು ಕುಳಿತಾಗ ಆಸನಕ್ಕೆ ತಾಗುವ ಸೊಂಟದ ಮೂಳೆಯ ತುದಿ ಇನ್ನೂ ಪೂರ್ತಿ ಕೂಡಿಕೊಂಡಿರುವುದಿಲ್ಲ. ಪೂರ್ಣವೇಗದ ಓಟದಲ್ಲಿ ಸ್ನಾಯುವಿಗಿಂತ ಮೊದಲು ಆ ತುದಿಯೇ ಕಿತ್ತುಬರಬಹುದು. ‘ಬರೀ ಸ್ನಾಯು ಹಿಡಿದಿದೆ’ ಎಂದು ತಿಂಗಳುಗಟ್ಟಲೆ ಕಡೆಗಣಿಸುವ ನೋವು ಕೆಲವೊಮ್ಮೆ ಇದೇ ಆಗಿರುತ್ತದೆ. ಓಡುತ್ತಿದ್ದಾಗ ‘ಟಕ್’ ಎಂದ ಅನುಭವವಾಗಿ, ಕೂರಲು ನೋವಾದರೆ, ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ ಸ್ಪಷ್ಟವಾಗಿದೆ: ಒಂದೇ ಆಟಕ್ಕೆ ಕಟ್ಟಿಹಾಕುವುದನ್ನು ಹದಿನೈದು ಹದಿನಾರರವರೆಗೆ ಮುಂದೂಡಿ; ವಾರಕ್ಕೆ ಒಂದೆರಡು ದಿನ ಬಿಡುವು ಕೊಡಿ; ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ದೂರವಿಡಿ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಸೇರ್ಪಡೆಯಾಗಿದೆ. ನಮ್ಮ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಅದರತ್ತ ಒಲಿಯುತ್ತಿರುವುದು ಸಂತಸದ ಸಂಗತಿ. ಇದರೊಡನೆ ಶಿಬಿರಗಳ ಜಾಹೀರಾತುಗಳೂ ಹೆಚ್ಚಲಿವೆ. ಹಣ ಕಟ್ಟುವ ಮೊದಲು ಕೇಳಿ: ಇಲ್ಲಿ ನಿಲ್ಲುವುದನ್ನೂ ತಿರುಗುವುದನ್ನೂ ಕಲಿಸುತ್ತೀರಾ? ಒಂದು ತರಗತಿಯಲ್ಲಿ ನನ್ನ ಮಗು ಎಷ್ಟು ಚೆಂಡು ಹಿಡಿಯುತ್ತದೆ? ನೋವೆಂದರೆ ಆಟ ನಿಲ್ಲಿಸುವ ಅಧಿಕಾರ ಯಾರಿಗಿದೆ? ಉತ್ತರವಾಗಿ ಸೆಕೆಂಡುಗಳ ಪಟ್ಟಿಯಷ್ಟೇ ದೊರೆತರೆ ಹಿಂದಿರುಗಿ ಬನ್ನಿ.

ಓಟವನ್ನೇ ಪ್ರೀತಿಸುವ ಮಗುವನ್ನು ದಯವಿಟ್ಟು ಓಡಲು ಬಿಡಿ. ಟ್ರ್ಯಾಕ್ ಎಂಬುದು ಮತ್ತೊಂದು ಆಟಕ್ಕೆ ಏರುವ ಮೆಟ್ಟಿಲಲ್ಲ. ಟಾಮಿ ಸ್ಮಿತ್ ಅವರನ್ನು ಲೋಕ ನೆನೆಯುವುದು ಆ 19.83 ಸೆಕೆಂಡಿಗಾಗಿ ಮತ್ತು ಪದಕದ ವೇದಿಕೆಯ ಮೇಲೆ ಎತ್ತಿದ ಮುಷ್ಟಿಗಾಗಿ. ಅವರು ಹಿಡಿದ ಆ ಒಂದು ಚೆಂಡಿಗಾಗಿ ಅಲ್ಲ.

ಕೊನೆಗೆ ನಮ್ಮ ಸಂಘದ ಕ್ರೀಡಾ ಸಮಿತಿಗೆ ಒಂದು ವಿನಂತಿ. ಬೇಸಿಗೆ ವನಭೋಜನದ ದಿನ ಮಕ್ಕಳಿಗೆ ನೇರ ಓಟದ ಪಂದ್ಯಗಳನ್ನಷ್ಟೇ ಇಟ್ಟು ಪದಕ ಹಂಚುವ ಪದ್ಧತಿಯನ್ನು ಬದಲಿಸೋಣ. ಈ ಬಾರಿ ಖೊ ಖೊ ಇರಲಿ, ಓಡುತ್ತ ಚೆಂಡು ಹಿಡಿಯುವ ಸ್ಪರ್ಧೆಯೂ ಇರಲಿ. ಮೈದಾನದ ಬದಿಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಡನೆ ನಾವು ಎಂದಿನಂತೆ ಇರುತ್ತೇವೆ.